ಒಣಗದ ಮಡಿ

...ಒದ್ದೆ ಸೀರೆಯಲ್ಲಿದ್ದಾಗ ಮಾತ್ರ ಕಾಲು ನನ್ನ ಮಾತು ಕೇಳುತ್ತೆ, ಅಂತ ಅತ್ತಿಗೆ ಅಂದಿದ್ದರು. ಅಥವಾ ಕಾಲು ನನ್ನದು ಅನ್ನಿಸುತ್ತೆ ಅಂದರೋ, ಸರಿಯಾಗಿ ನೆನಪಿಲ್ಲ. ಆಗ ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಅತ್ತಿಗೆ ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅಣ್ಣನಿಗೆ ಅರಕಲಗೂಡಿನಲ್ಲಿ ಕೆಲಸ, ನನಗೆ ಹಾಸನದಲ್ಲಿ ಬ್ಯಾಂಕು. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದದ್ದು ಅಮ್ಮ ಮತ್ತು ಅಮ್ಮನ ಮಡಿ.

ಬೇಸಿಗೆ ಬಂತೆಂದರೆ ಹನ್ನೊಂದು ಗಂಟೆಗೆಲ್ಲ ಅತ್ತಿಗೆಯ ಕಾಲು ಸೋಲುತ್ತಿತ್ತು. ಕಣ್ಣು ಮಂಜಾಗುತ್ತಿತ್ತು. ಲೆಕ್ಕವನ್ನು ಬೋರ್ಡಿನ ಮೇಲೆ ಅರ್ಧಕ್ಕೆ ಬಿಟ್ಟು ಕುರ್ಚಿ ಹಿಡಿಯುತ್ತಿದ್ದರು.

ಸಂಜೆ ತಂಪಾದರೆ ಎಲ್ಲ ಸರಿ. ಅಷ್ಟು ಸಲೀಸಾಗಿ ಸರಿಹೋಗುವ ಕಾಯಿಲೆಯನ್ನು ಯಾರು ನಂಬುತ್ತಾರೆ?

ಅಪ್ಪನ ತಿಥಿ ಚೈತ್ರದಲ್ಲಿ. ನಮ್ಮಲ್ಲಿ ಆ ದಿನದ ಅಡುಗೆ ಒದ್ದೆ ಮಡಿಯಲ್ಲೇ ಆಗಬೇಕು. ತಲೆಯ ಮೇಲೆ ನೀರು ಸುರಿದುಕೊಂಡು, ತೊಟ್ಟಿಕ್ಕುವ ಸೀರೆಯಲ್ಲೇ ಒಲೆಯ ಮುಂದೆ ನಿಲ್ಲಬೇಕು.

ಆ ವರ್ಷ ಅತ್ತಿಗೆ ಬೆಳಗಿನಿಂದ ಮಧ್ಯಾಹ್ನ ಎರಡರವರೆಗೆ ಒಂದು ಸಲವೂ ಕೂರಲಿಲ್ಲ.

ಆದರೆ ನಡುನಡುವೆ ಸೀರೆ ಆರುತ್ತಾ ಬಂದು, ಅವರು ಗೋಡೆ ಹಿಡಿದಾಗೆಲ್ಲ ಅಮ್ಮನ ಗದರಿಕೆ ಕೇಳುತ್ತಿತ್ತು. "ಯಾರೋ ಮುಟ್ಟಿಬಿಟ್ರು ಕಣೇ, ಮೈಲಿಗೆ ಆಯ್ತು. ಹೋಗು, ಇನ್ನೆರಡು ಬಿಂದಿಗೆ ಸುರ್ಕೊಂಡು ಬಾ."

ಮೂರು ಸಲ ಹೀಗಾಯಿತು. ನಡುಮನೆಯಲ್ಲಿ ಕೂತಿದ್ದ ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಪೇಪರ್ ಓದುತ್ತೇನೆ. ಅವತ್ತೂ ಓದಿದೆ.

ಊಟಕ್ಕೆ ಬಂದಿದ್ದ ಪಕ್ಕದ ಮನೆಯಾಕೆ ಕೈ ತೊಳೆಯುತ್ತಾ, "ಸ್ಕೂಲಿಗೆ ಹೋಗಕ್ಕೆ ಮಾತ್ರ ಕಾಲು ಬರಲ್ಲ ನೋಡಿ" ಅಂದರು.

"ನನ್ ಸೊಸೆ ಮಡಿ ನಿಮಗೆಲ್ಲಿ ಬರ್ಬೇಕು!" ಅಂದಳು ಅಮ್ಮ.

ಆಮೇಲೆ ಶನಿವಾರ ಮಧ್ಯಾಹ್ನ, ಏಕಾದಶಿ, ಕೊನೆಗೆ ರಜೆ ಬಂದಾಗೆಲ್ಲ ಅತ್ತಿಗೆಗೆ ಒದ್ದೆ ಮಡಿ. ಬೀದಿಯವರು ಅದನ್ನು ಭಕ್ತಿ ಎಂದುಕೊಂಡರು. ಸೋಮವಾರ ಮಾತ್ರ ಹತ್ತನೇ ತರಗತಿಯ ಮುಂದೆ ಒದ್ದೆ ಸೀರೆಯಲ್ಲಿ ನಿಲ್ಲುವ ಹಾಗಿರಲಿಲ್ಲವಲ್ಲ...

ಹಾಸನದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು: ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಸವೆಯುತ್ತದೆ, ಮೈ ಬಿಸಿಯಾದರೆ ಮಿದುಳು ಹೇಳಿದ್ದು ಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲ.

ಅಷ್ಟು ಹೊತ್ತಿಗೆ ಅತ್ತಿಗೆ ಸ್ವಯಂನಿವೃತ್ತಿಯ ಅರ್ಜಿ ಬರೆದಿಟ್ಟಿದ್ದರು. ತಾರೀಖು ಹಾಕುವುದಷ್ಟೇ ಬಾಕಿ. ಪಾಠ ಬಿಟ್ಟರೆ ಅವರಿಗೆ ತಮ್ಮದು ಅಂತ ಬೇರೆ ಏನೂ ಇರಲಿಲ್ಲ.

ಬೆಂಗಳೂರಿನಲ್ಲಿ ಇಂಥ ರೋಗಿಗಳದ್ದೇ ಒಂದು ಸಣ್ಣ ಬಳಗವಿತ್ತು. ಹೊರದೇಶದಿಂದ ಬಂದ, ಮೈ ತಂಪಾಗಿಡುವ ಕೂಲಿಂಗ್ ವೆಸ್ಟ್‌ಗಳನ್ನು ಅವರು ಪುಕ್ಕಟೆ ಕೊಡುತ್ತಿದ್ದರು. ಡಾಕ್ಟರ ಪತ್ರ, ಎದೆ ಸೊಂಟದ ಅಳತೆ, ಎರಡು ಪುಟದ ಫಾರಂ.

ಫಾರಂ ತುಂಬಿದವನು ನಾನು. "ಸೆಕೆಯಾದಾಗ ಈಗ ಏನು ಮಾಡುತ್ತೀರಿ?" ಎಂಬಲ್ಲಿ ವಿಶ್ರಾಂತಿ ಎಂದು ಬರೆದೆ. ಅತ್ತಿಗೆ ಪೆನ್ನು ಕಿತ್ತುಕೊಂಡು ಹೊಡೆದುಹಾಕಿದರು.

"ವಿಶ್ರಾಂತಿ ಯಾವಾಗ ತಗೊಂಡೆ ನಾನು? ಒದ್ದೆ ಸೀರೆ ಅಂತಲೇ ಬರಿ."

ನನಗೆ ನಾಚಿಕೆ. ಆದರೂ ಬರೆದೆ.

ಕೆಲವು ತಿಂಗಳ ಮೇಲೆ ಕರೆ ಬಂತು, ಹೋಗಿ ತಂದೆ. ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತಾಗ ತಡೆಯಲಾರದೆ ತೊಡೆಯ ಮೇಲೆ ಡಬ್ಬಿ ಬಿಚ್ಚಿದೆ. ಹಿಂದೆ ಮುಂದೆ ಜೇಬುಗಳಿದ್ದ ತೋಳಿಲ್ಲದ ಅಂಗಿ, ಜೇಬಿಗೆ ಇಡಲು ನಾಲ್ಕು ಐಸ್ ಪ್ಯಾಕ್.

ಪಕ್ಕದ ಸೀಟಿನ ಗೌಡರು ಬಗ್ಗಿ ನೋಡಿದರು. "ಏನ್ ಸಾ, ಪೊಲೀಸ್ನೋರು ಗುಂಡಿಗೆ ಅಡ್ಡ ಆಕ್ಕತಾರಲ್ಲ, ಅದಾ?"

"ಅಲ್ಲ, ಇದು ಸೆಕೆಗೆ."

"ಅಂಗಾರೆ ನಮ್ಮೂರ್ಗೆ ಒಂದ್ ಲಾರಿ ಕಳ್ಸಿ ಸಾ."

ಮನೆಯಲ್ಲಿ ಅಮ್ಮ ವೆಸ್ಟನ್ನು ದೂರದಿಂದಲೇ ನೋಡಿದಳು. ಮರುದಿನ ಹತ್ತಿರ ಬಂದು, ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ ಪ್ಯಾಕಿನ ಮೇಲೆ ಬೆರಳಿಟ್ಟಳು.

"ಇದು ಬೇಗ ಆರಲ್ಲ ಅನ್ನು."

"ಮೂರು ಗಂಟೆ ತಡೆಯುತ್ತಂತೆ ಅಮ್ಮ" ಅಂದರು ಅತ್ತಿಗೆ. ವೆಸ್ಟನ್ನು ಕೈಗೆತ್ತಿಕೊಂಡು, "ನಾನು ಒದ್ದೆ ಉಡ್ತಿದ್ದದ್ದು ದೇವರಿಗೋಸ್ಕರ ಅಲ್ಲ..." ಅಂತ ಶುರು ಮಾಡಿದರು.

"ಸರಿ, ತೋಳು ಎತ್ತು" ಅಂದಳು ಅಮ್ಮ.

ನಮ್ಮಲ್ಲಿ ಫ್ರಿಜ್ಜು ಮಡಿಗೆ ಹೊರಗು, ನಡುಮನೆಯಲ್ಲಿತ್ತು. ಅಲ್ಲಿಂದ ಮುಂದೆ ಸೆಕೆಯ ದಿನಗಳಲ್ಲಿ ಅಮ್ಮ ಸ್ನಾನ, ಪೂಜೆ ಮುಗಿಸಿ, ಫ್ರಿಜ್ಜು ತೆಗೆದು, ಪ್ಯಾಕುಗಳನ್ನು ಜೇಬಿಗಿಟ್ಟು, ರವಿಕೆಯ ಮೇಲೆ ವೆಸ್ಟ್ ಬಿಗಿದು, ಅದರ ಮೇಲೆ ಸೆರಗು ಸರಿಮಾಡಿ ಸೊಸೆಯನ್ನು ಕಳಿಸುತ್ತಿದ್ದಳು. ಆಮೇಲೆ ಇನ್ನೊಂದು ಸ್ನಾನ. ನಂತರ ಅಡುಗೆಮನೆ.

ಸ್ನಾನಕ್ಕೆ ಮೊದಲೇ ತೆಗೆದಿಡಬಾರದೇ ಎಂದು ನಾನು ಕೇಳಿದ್ದುಂಟು.

"ಅವಳು ಹೊರಡೋ ಹೊತ್ತಿಗೆ ಕರಗಿರುತ್ತೆ ಕಣೋ. ಬ್ಯಾಂಕಲ್ಲಿ ಅಷ್ಟೂ ಹೇಳ್ಕೊಡಲ್ವ?"

ಹೆಡ್‌ಮಾಸ್ಟರು ಹತ್ತನೇ ತರಗತಿಯ ಗಣಿತವನ್ನು ಆ ಮೂರು ಗಂಟೆಯೊಳಗೆ ಹಾಕಿಕೊಟ್ಟರು. ಅಮ್ಮನ ಎರಡು ಸ್ನಾನ ಎಂಟು ಬೇಸಿಗೆ ನಡೆಯಿತು. ಮಡಿಯನ್ನೂ ಬಿಡಲಿಲ್ಲ, ಸೊಸೆಯನ್ನೂ ಬಿಡಲಿಲ್ಲ. ನಾನು ಓದಿದ ಯಾವ ಪುಸ್ತಕದಲ್ಲೂ ಇಂಥವಳು ಸಿಕ್ಕಿಲ್ಲ.

ಅತ್ತಿಗೆ ಅವಧಿ ಮುಗಿಸಿಯೇ ನಿವೃತ್ತರಾದರು. ತಾರೀಖಿಲ್ಲದ ಆ ಅರ್ಜಿ ಇನ್ನೂ ಬೀರುವಿನಲ್ಲಿದೆ. ಅಮ್ಮ ಇಲ್ಲ.

ಮೊನ್ನೆ ಮಾತಿಗೆ ಮಾತು ಬಂದು ಅತ್ತಿಗೆ ಹೇಳಿದರು. ಆ ತಿಥಿಯ ದಿನ ಅಡುಗೆ ಮುಗಿಯುವ ತನಕ ಅಮ್ಮ ಮತ್ತು ಅವರನ್ನು ಬಿಟ್ಟು ಯಾರೂ ಅಡುಗೆಮನೆಯೊಳಗೆ ಕಾಲಿಟ್ಟಿರಲಿಲ್ಲವಂತೆ.

ಹಾಗಾದರೆ ಅಮ್ಮ, ಅವತ್ತು ಮೂರು ಸಲ ಮುಟ್ಟಿದವರು ಯಾರು?