ಒಳಗೇ ನಳ ಇದ್ದ ಖೋಲಿ

ನನ್ನ ಗೆಳತಿಯ ತಾಯಿಯ ಖೋಲಿಯಲ್ಲಿ ನಳ ಒಳಗೇ ಇತ್ತು. ಅದಕ್ಕೆ ನಾನು ವರ್ಷವಿಡೀ ಹೊಟ್ಟೆ ಉರಿದುಕೊಂಡೆ.

ನಾವಿಬ್ಬರೂ ಬ್ರೂಸ್‌ಪೇಟೆಯ ಒಂದೇ ಅಂಗಡಿಯಲ್ಲಿ ಸೀರೆ ತೋರಿಸಿ ಮಡಚುವವರು. "ನಮ್ಮವ್ವ ಕುಂತಲ್ಲೇ ನೀರು ಹಿಡಕೊಂತಾಳ ನೋಡಲೇ," ಎಂದು ಅವಳು ದಿನಾ ಹೇಳುತ್ತಿದ್ದಳು. ಆ ತಾಯಿ ಅಲ್ಲಿ ಒಬ್ಬರೇ ಇದ್ದರು; ಮೆಟ್ಟಿಲಿಲ್ಲ, ಬಾಡಿಗೆಯೂ ಕಡಿಮೆ. ಮಾಲಕಿ ಅವರಿಗೆ ದೂರದ ಸಂಬಂಧಿ. ನಮಗೆ ಅಂಥ ಸಂಬಂಧಿಯನ್ನು ದೇವರು ಕೊಟ್ಟಿರಲಿಲ್ಲ.

ನಮ್ಮವ್ವ ನಮ್ಮೂರು ಕರೂರಿನ ಗದ್ದೆಗಳಲ್ಲಿ ನಾಟಿ ಮಾಡಿ ಮಾಡಿ ಮೊಣಕಾಲು ಸವೆಸಿಕೊಂಡು ನನ್ನ ಹತ್ತಿರ ಬಂದಿದ್ದಳು. ನನ್ನದು ಮಹಡಿ ಮೇಲಿನ ಒಂದೇ ಖೋಲಿ. ಮೆಟ್ಟಿಲಿಳಿಯಲು ಅಂಜಿ ಅವ್ವ ದಿನವಿಡೀ ಒಳಗೇ ಇರುತ್ತಿದ್ದಳು. ಕೆಳಗಿನ ಖೋಲಿ ಹುಡುಕುತ್ತಾ ಓಣಿ ಓಣಿ ತಿರುಗಿದೆ. ಕೈಗೆಟುಕುವ ಬಾಡಿಗೆ ಸಿಕ್ಕ ಕಡೆಯೂ ಮಾಲೀಕರು ಅವ್ವನ ನಡಿಗೆ ನೋಡಿ ಮುಖ ತಿರುಗಿಸುತ್ತಿದ್ದರು.

"ವಯಸ್ಸಾದೋರು ಬ್ಯಾಡವ್ವ. ಕೆಟ್ಟ ನಕ್ಷತ್ರದಾಗ ಏನರ ಆದ್ರ ಮನಿ ಮುಚ್ಚಬೇಕಾಗ್ತೈತಿ," ಎಂದು ಒಬ್ಬಾಕೆ ಅವ್ವನ ಎದುರಿಗೇ ಅಂದಳು. ಬದುಕಿರುವವಳ ಸಾವಿಗೆ ಪಂಚಾಂಗ ತೆಗೆಯುವ ಜನ! ನನಗೆ ಮಾತ್ರ ಸಿಟ್ಟೆಲ್ಲ ಗೆಳತಿಯ ಮೇಲೆಯೇ ಬಂತು.

ದೀಪಾವಳಿಗೆ ಮುಂಚೆ ಗೆಳತಿಯ ತಾಯಿ ತೀರಿಕೊಂಡರು. ನಕ್ಷತ್ರ ಸರಿಯಿಲ್ಲವೆಂದರು, ದಿನಕರ್ಮ ಮುಗಿದ ಮೇಲೆ ಖೋಲಿಗೆ ಬೀಗ ಹಾಕಿ ಬಾಗಿಲಿಗೆ ಮುಳ್ಳುಕಂಟಿ ಇಡುವುದೆಂದಾಯಿತು. ಮಣ್ಣಿಗೆ ಹೋದ ದಿನ ನಾನೂ ಅತ್ತೆ. ಅಳುತ್ತಲೇ ಕಣ್ಣು ನಳದ ಕಡೆ ಹೋಯಿತು.

ಮನೆಯಲ್ಲಿ ಸುದ್ದಿ ಹೇಳಿದಾಗ ಅವ್ವ, "ಆಕಿ ದಿನ ಮುಗೀಲಿ. ಆಮ್ಯಾಲ ಆ ಮಾಲಕಿ ಹತ್ರ ಕರಕೊಂಡು ಹೋಗು," ಎಂದಳು.

ನಾವು ಆ ಖೋಲಿ ಕೇಳಿದ್ದಕ್ಕೆ ಮಾಲಕಿ ಹೌಹಾರಿದಳು. "ಆ ಮನ್ಯಾಗ ಇರಬಾರ್ದಬೇ!"

"ನಾನು ನಕ್ಷತ್ರ ಕೇಳಿ ನಾಟಿಗೆ ಹೋದಾಕಿ ಅಲ್ಲವ್ವ," ಎಂದಳು ಅವ್ವ. "ನನಗೂ ಅಲ್ಲೇ ಏನರ ಆದ್ರ ಹೊಸಾ ಬೀಗ ತರಬ್ಯಾಡ್ರಿ. ಈಗಿರೋ ಬೀಗಾನ ಮತ್ತ ಹಾಕ್ರಿ."

ಮಾಲಕಿಗೆ ನಗು ತಡೆಯಲಾಗಲಿಲ್ಲ. ಮುಚ್ಚಿದ ಮನೆಗೆ ಬಾಡಿಗೆಯಾದರೂ ಯಾರು ಕೊಡುತ್ತಾರೆ? ಹಳೇ ಬಾಡಿಗೆಗೇ ಒಪ್ಪಿದಳು. ಬಾಗಿಲ ಮುಳ್ಳುಕಂಟಿಯನ್ನು ಅವ್ವನೇ ಎಳೆದು ಬದಿಗೆ ಹಾಕಿದಳು. ನಾನು ಗೆಳತಿಗೆ ಒಂದು ಮಾತೂ ಹೇಳಿರಲಿಲ್ಲ.

ಹೇಗೋ ಗೊತ್ತಾಗಿ ಒಂದು ಸಂಜೆ ಅವಳೇ ಬಂದಳು. ಅವ್ವ ಕುಂತಲ್ಲೇ ಕೊಡಕ್ಕೆ ನೀರು ಹಿಡಿಯುತ್ತಿದ್ದಳು. ನನಗೆ ಒಳಗೊಳಗೇ ಹಿಗ್ಗು: ನೋಡಲಿ, ಈಗ ಅವಳೂ ನೋಡಲಿ!

"ಬಾರವ್ವ, ಒಳಗ ಬಾ," ಎಂದಳು ಅವ್ವ.

ಗೆಳತಿ ಹೊಸ್ತಿಲಲ್ಲೇ ನಿಂತಳು. ನಳವನ್ನೂ ನೋಡಲಿಲ್ಲ, ಖೋಲಿಯನ್ನೂ ನೋಡಲಿಲ್ಲ. ಅವ್ವನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು; ವರ್ಷವಿಡೀ ನಾನು ಅವಳನ್ನು ಹಾಗೇ ನೋಡಿದ್ದೆ.

"ನಿನಗ ನಿಮ್ಮವ್ವ ಇನ್ನೂ ಅದಾಳಲ್ಲಲೇ," ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಅವತ್ತಿನಿಂದ ಅಂಗಡಿಯಲ್ಲಿ ನಾನು ಅವ್ವನ ಸುದ್ದಿ ಎತ್ತಿಲ್ಲ.