ಚಿಕ್ಕಮ್ಮನ ಮೊಣಕಾಲು

ಆಗ ನಾನು ಕೋಟದ ಮನೆಯಲ್ಲಿ ಕೂತು, ಕೈಯಲ್ಲಿ ಮುಟ್ಟಿಯೂ ನೋಡದ ಸಾಮಾನುಗಳನ್ನು ಇಂಟರ್ನೆಟ್ಟಿನಲ್ಲಿ ಹೊಗಳುತ್ತಿದ್ದೆ. ಸುಲಭದ ಕೆಲಸ. ಕಂಪನಿ ನನಗೊಂದು ಲಿಂಕ್ ಕೊಡುತ್ತದೆ, ಅದರಲ್ಲಿ ನನ್ನ ಗುರುತು ಇರುತ್ತದೆ. ನನ್ನ ಬರಹ ಓದಿ, ಆ ಲಿಂಕ್ ಒತ್ತಿ ಯಾರಾದರೂ ಸಾಮಾನು ಕೊಂಡರೆ ನನಗೆ ಕಮಿಷನ್. ಅಂಗಡಿ ಬೇಡ, ಪಾರ್ಸೆಲ್ ಕಟ್ಟುವುದು ಬೇಡ, ಸಾಮಾನು ಕೆಟ್ಟರೆ ಬೈಗುಳವೂ ನನಗಲ್ಲ. ಒಂದೇ ಷರತ್ತು: ನನ್ನ ಲಿಂಕಿನಲ್ಲಿ ನಾನೇ ಕೊಂಡರೆ ಕಮಿಷನ್ ಇಲ್ಲ.

ಮೊಣಕಾಲು ನೋವಿನ ಬೆಲ್ಟೊಂದು ಎಷ್ಟು ಹೊಗಳಿದರೂ ಮಾರಾಟವಾಗಲಿಲ್ಲ. ಜನ ನಂಬುವಂಥ ಮುಖವೊಂದು ಬೇಕಿತ್ತು. ನನ್ನ ಚಿಕ್ಕಮ್ಮ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ನಿನ್ನೆಯ ಬಂಗುಡೆಯನ್ನು ನಿನ್ನೆಯದೆಂದೇ ಹೇಳಿ ಮಾರುವ ಹೆಂಗಸು. ಅವಳ ಬುಟ್ಟಿಯ ಮೀನನ್ನು ಯಾರೂ ಎತ್ತಿ ಮೂಸಿ ನೋಡುತ್ತಿರಲಿಲ್ಲ. ಮೊಣಕಾಲು ನೋವಿಗೆ ಸ್ಟೂಲಿನ ಮೇಲೆ ಕೂತೇ ವ್ಯಾಪಾರ. ಅವಳು ನಿಂತು ನಗುತ್ತಿದ್ದ ಹಳೆಯ ಫೋಟೊ ಹಾಕಿ, ಬೆಲ್ಟಿನಿಂದ ಚಿಕ್ಕಮ್ಮನ ನೋವು ಮಾಯವಾಯಿತು ಎಂದು ಬರೆದೆ. ಅವಳನ್ನೊಂದು ಮಾತು ಕೇಳಲಿಲ್ಲ. ಓದು ಬಾರದವಳಿಗೆ ಎಲ್ಲಿಂದ ಗೊತ್ತಾಗಬೇಕು ಎಂಬ ಧೈರ್ಯ ನನ್ನದು.

ಗಿರಾಕಿಗಳಿಂದಲೇ ಗೊತ್ತಾಯಿತು. ಬೆಲ್ಟಿನಿಂದ ವಾಸಿಯಾದದ್ದು ನಿಜವೇ ಎಂದು ಒಬ್ಬಳು ಕೇಳಿದಾಗ ಚಿಕ್ಕಮ್ಮ ಹೌದು ಅಂದಳಂತೆ. ಮರುದಿನದಿಂದ ಸ್ಟೂಲು ಮನೆಯಲ್ಲೇ ಉಳಿಯಿತು. ನನ್ನ ಹತ್ತಿರ ಅವಳು ಆಡಿದ್ದು ಇಷ್ಟೇ:

"ನೀ ಸುಳ್ಳ್ ಬರ್ದದ್ ಅಂದ್ ಜನ ಹೇಳುಕಾಗ ಮಗಾ. ನಾ ನಿತ್ಕಂಡೇ ಮಾರ್ತೆ."

ನಾಚಿಕೆಯಾಯಿತು, ಆದರೆ ಬರಹವನ್ನು ತೆಗೆದುಹಾಕುವಷ್ಟು ಆಗಲಿಲ್ಲ. ಅವಳು ನಿಂತು ಮಾರತೊಡಗಿದ ಮೇಲೆ ಬೆಲ್ಟು ಬಿಸಿದೋಸೆಯ ಹಾಗೆ ಖರ್ಚಾಯಿತು. ಬೈಂದೂರಿನಿಂದಲೂ ಫೋನ್ ಮಾಡಿ ಲಿಂಕ್ ಕೇಳಿದರು. ಮಧ್ಯಾಹ್ನ ಅವಳು ಗೋಡೆ ಹಿಡಿದುಕೊಂಡು ಪಕ್ಕದಲ್ಲೇ ಇದ್ದ ತನ್ನ ಮನೆಯ ಮೆಟ್ಟಿಲು ಹತ್ತುವುದನ್ನು ದಿನಾ ನೋಡುತ್ತಿದ್ದೆ. ನೋಡಿ ಒಳಗೆ ಹೋಗಿ ಮತ್ತೆ ಬರೆಯಲು ಕೂರುತ್ತಿದ್ದೆ.

ಕೊಂಡವರಿಂದ ದೂರುಗಳೂ ಬಂದವು: ಬೆಲ್ಟಿನಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಅದೇ ವಾರ ಚಿಕ್ಕಮ್ಮ ನಮ್ಮ ಜಗಲಿಗೆ ಬಂದು ಕಾಲು ನೀಡಿ ಕೂತಳು. ಎರಡೂ ಮೊಣಕಾಲು ಬಾತುಕೊಂಡಿದ್ದವು.

"ಆ ಬೆಲ್ಟ್ ನಂಗೂ ಒಂದ್ ತರ್ಸ್ ಕೊಡ್ ಮಗಾ. ನಿತ್ಕಂಬುಕೇ ಆತಿಲ್ಲೆ. ನೀ ಬರ್ದದ್ದ್ ಅಂದ್ರೆ ಎಂತಾದ್ರೂ ಗುಣ ಇಕ್ಕ್."

ಆಯಿತು ಅಂದೆ. ನಾನೇ ತರಿಸಿದರೆ ಕಮಿಷನ್ ಇಲ್ಲವಲ್ಲ, ಅದಕ್ಕೆ ಅವಳ ಮಗಳ ಫೋನಿಗೆ ಲಿಂಕ್ ಕಳಿಸಿದೆ.