ಮೊಲದ ಮೇಲೆ ಕೂತು ಕಾಯಿ ಹೆರೆದವರು

ಅವರ ಎಡ ಅಂಗೈಯ ಅಂಚಿನಲ್ಲಿ, ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ, ಸಣ್ಣ ಬಿಳಿ ಗೆರೆಗಳ ಒಂದು ಸಾಲಿತ್ತು. ಐವತ್ತಕ್ಕೂ ಹೆಚ್ಚು ವರ್ಷ ತೆಂಗಿನಕಾಯಿ ಹೆರೆಯುವಾಗ ಕಬ್ಬಿಣದ ಹಲ್ಲು ತಾಗಿ ಉಳಿದ ಗುರುತುಗಳು ಅವು. ಆ ಹಲ್ಲು ಇದ್ದದ್ದು ಒಂದು ಮೊಲದ ಬಾಯಲ್ಲಿ. ಥಾಯ್ಲೆಂಡಿನಲ್ಲಿ ಮರದಿಂದ ಕೆತ್ತಿದ ಹಳೆಯ ಹೆರೆಮಣೆ ಅದು: ನೆಗೆಯಲು ಕಾಲು ಮಡಚಿಕೊಂಡಂತಹ ಮೈ, ಹಿಂದಕ್ಕೆ ಒರಗಿದ ಕಿವಿಗಳು, ಕೂರುವವರಿಗಾಗಿ ತುಸು ತಗ್ಗಿಸಿದ ಬೆನ್ನು. ಆ ದೇಶದಲ್ಲಿ ಹೆರೆಮಣೆಗೆ ಮೊಲವೆಂದೇ ಹೆಸರು ಎಂಬುದನ್ನು ಎರಡು ಕಡೆ ಓದಿ ಖಚಿತಪಡಿಸಿಕೊಂಡಿದ್ದೇನೆ.

ಕುಂದಾಪುರದಲ್ಲಿ ಅವರದು ನಮ್ಮ ಎದುರುಮನೆ. ನಾನು ಅಕ್ಕ ಎನ್ನುತ್ತಿದ್ದೆ. ಅವರ ಗಂಡ ಸರಕು ಹಡಗುಗಳಲ್ಲಿ ಅಡುಗೆಯವರಾಗಿದ್ದು, ವರ್ಷಕ್ಕೆ ಎರಡು ತಿಂಗಳಷ್ಟೇ ಮನೆಯಲ್ಲಿದ್ದವರು. ನಾನು ನಿವೃತ್ತನಾಗಿ ಇಲ್ಲಿಗೆ ಬರುವ ಮೊದಲೇ ತೀರಿಕೊಂಡಿದ್ದರು. ಅಕ್ಕ ಬಹಳ ಕಾಲ ಗಂಗೊಳ್ಳಿಯಿಂದ ಮೀನು ತಂದು ಮಾರಿದವರು. ಓದು ಬರಹ ಬಾರದು. ನಾನು ಶಾಸನಗಳ ಕಾಲನಿರ್ಣಯ ಮಾಡುತ್ತಿದ್ದವನೇ ಹೊರತು ಒಂದು ದಿನವೂ ಪಾಠ ಹೇಳಿದವನಲ್ಲ. ಆದರೂ ಅವರ ಪಾಲಿಗೆ ನಾನು ಮಾಷ್ಟ್ರು. ಬೆಳಗ್ಗೆ ಅಂಗಳದಲ್ಲಿ ಕಂಡರೆ, "ಹ್ವಾಯ್ ಮಾಷ್ಟ್ರೇ, ಇವತ್ತ್ ಯಾವ ಕಲ್ಲ್ ಓದುಕಿತ್ತ್?" ಎಂಬ ಲೇವಡಿ ತಪ್ಪುತ್ತಿರಲಿಲ್ಲ.

ಮನೆಯಲ್ಲಿ ಮಿಕ್ಸಿ ಇತ್ತು. ಕಾಯಿ ಹೆರೆಯುವುದು ಮಾತ್ರ ಮೊಲದ ಮೇಲೆ ಕೂತೇ ಆಗಬೇಕು, ಮತ್ತು ಅವರೇ ಕೂರಬೇಕು. ಸೊಸೆಗೂ ಅದರಲ್ಲಿ ಪಾಲಿರಲಿಲ್ಲ. "ಅವ್ರ್ ಇಡೀ ಜೀವ್ಮಾನದಗೆ ನಂಗಂತ್ಲೇ ತಂದದ್ದ್ ಇದೊಂದೇ. ಉಳ್ದದ್ದೆಲ್ಲ ಮನಿಯವ್ರಿಗೆ" ಎಂದು ಗಂಡನನ್ನು ನೆನೆಯುತ್ತಿದ್ದರು.

ಆ ಮಾತಿಗೆ ತಕರಾರು ಬಂದದ್ದು ಬೈಂದೂರಿನಿಂದ. ಅಲ್ಲಿದ್ದ ಅತ್ತಿಗೆ, ಅಂದರೆ ಗಂಡನ ಅಕ್ಕ, ಒಂದು ಮಧ್ಯಾಹ್ನ ಬಂದು, ತನ್ನ ತಮ್ಮ ಆ ಮೊಲವನ್ನು ತಂದದ್ದು ತಾಯಿಗೆ, ತಾಯಿಯ ವಸ್ತು ಮಗಳಿಗೆ ಬರಬೇಕು ಎಂದರು. ನಾನು ಆಗ ಅಕ್ಕನ ಜಗುಲಿಯಲ್ಲೇ ಇದ್ದೆ.

"ನೀ ಈ ಮನಿಗ್ ಬಪ್ಪುಕ್ ಮುಂಚೆ ಅಮ್ಮ ಅದ್ರ್ ಮೇಲ್ ಕೂಕಂಡದ್ದ್ ನಾನ್ ಕಂಡಿದೆ," ಎಂದರು ಅತ್ತಿಗೆ.

"ಅತ್ಗಿ, ನಿಮ್ಗ್ ನಿನ್ನೆ ಉಂಡದ್ದ್ ನೆನ್ಪಿಲ್ಲ. ಐವತ್ತ್ ವರ್ಷದ್ ಕತಿ ಹೇಳ್ತ್ರಿಯಾ?"

"ನಂಗ್ ಮರ್ವಾ? ನಿನ್ನ್ ಮದಿ ದಿನ ಸಾರಿಗ್ ಉಪ್ಪ್ ಹೆಚ್ಚಾದ್ದೂ ನೆನ್ಪಿತ್ತ್!"

ಅಕ್ಕ ನನ್ನತ್ತ ತಿರುಗಿದರು. "ಮಾಷ್ಟ್ರು ಕಲ್ಲಿಗೇ ತಾರೀಕ್ ಹಾಕ್ತ್ರ್. ಮೊಲಕ್ಕ್ ಹಾಕುಕ್ ಆತಿಲ್ಯಾ? ನಮ್ಮ್ ಮದಿಯಿಂದ ಮುಂಚೆ ತಂದದ್ದಾರೆ ನಿಮ್ಗೆ, ಮೇಲೆ ತಂದದ್ದಾರೆ ನಂಗೆ. ಆಯ್ತಾ?" ಮದುವೆಯೇ ಗಡಿ ಎಂಬುದಕ್ಕೆ ಅತ್ತಿಗೆ ಒಪ್ಪಿದರು.

ಮರುದಿನ ಗಂಡನ ತಗಡಿನ ಪೆಟ್ಟಿಗೆಯನ್ನೇ ಅಕ್ಕ ನನ್ನ ಮನೆಗೆ ಕಳುಹಿಸಿದರು. ಹಡಗಿನ ನೌಕರಿಯ ದಾಖಲೆ ಪುಸ್ತಕ ಅದರಲ್ಲಿತ್ತು. ಪೂರ್ವದ ಕಡೆಗೆ ಒಂದೇ ಪಯಣ. ಉಳಿದವೆಲ್ಲ ಕೊಲ್ಲಿಗೆ, ಆಫ್ರಿಕಾಕ್ಕೆ. ಮದುವೆಯ ಕರೆಯೋಲೆಯಲ್ಲಿದ್ದ ತಿಥಿಯನ್ನು ಹಳೆಯ ಪಂಚಾಂಗದೊಂದಿಗೆ ತಾಳೆ ನೋಡಿದೆ. ಆ ಪಯಣ ಮುಗಿದ ಹದಿನಾಲ್ಕು ತಿಂಗಳಿಗೆ ಮದುವೆ. ಇಸವಿಗಳನ್ನು ಇಲ್ಲಿ ಬರೆಯುತ್ತಿಲ್ಲ. ಅವು ಆ ಎರಡು ಮನೆಗಳವರಿಗೆ ಸೇರಿದವು. ಆದರೆ ಮೊಲ ಆ ಪಯಣದಲ್ಲೇ ಬಂತೆನ್ನಲು ಇಷ್ಟು ಸಾಲದು. ಮುಂದೆಂದೋ ಮುಂಬಯಿಯಲ್ಲಿ ಯಾರಿಂದಲೋ ಕೊಂಡದ್ದೂ ಇರಬಹುದು. ಇನ್ನೊಂದು ಆಧಾರ ಬೇಕಿತ್ತು. ಪೆಟ್ಟಿಗೆಯ ತಳಕ್ಕೆ ಹಾಸಿದ ಕಾಗದದ ಅಡಿಯಲ್ಲಿ ಅದು ಸಿಕ್ಕಿತು: ಬ್ಯಾಂಕಾಕಿನ ಅಂಚೆ ಮುದ್ರೆಯಿದ್ದ, ತಾಯಿಗೆ ಬರೆದ ಒಂದು ಕಾರ್ಡು. "ಇಲ್ಲಿಯವರು ಮೊಲದ ಮೇಲೆ ಕೂತು ಕಾಯಿ ಹೆರೆಯುತ್ತಾರೆ. ಹಳೆಯದೊಂದು ಸಿಕ್ಕಿದೆ. ನಿನಗೆ ತರುತ್ತೇನೆ."

ಆ ಕಾರ್ಡು ಇರುವುದು ನನಗಲ್ಲದೆ ಬೇರೆ ಯಾರಿಗೂ ತಿಳಿದಿರಲಿಲ್ಲ. ಇದ್ದಲ್ಲಿಯೇ ಇಟ್ಟು, ಆಧಾರ ಸಾಲದು ಎಂದಿದ್ದರೆ ಮೊಲ ಎದುರುಮನೆಯಲ್ಲೇ ಉಳಿಯುತ್ತಿತ್ತು. ಇನ್ನೂ ನೋಡುತ್ತಿದ್ದೇನೆ ಎನ್ನುತ್ತಾ ಹತ್ತು ದಿನ ಕಳೆದೆ. ಕೊನೆಗೆ ಅಕ್ಕನೇ ಬಾಗಿಲಿಗೆ ಬಂದರು.

"ನಿಮ್ಗ್ ಸುಳ್ಳ್ ಹೇಳುಕ್ ಬತ್ತಿಲ್ಲ ಮಾಷ್ಟ್ರೇ. ಹತ್ತ್ ದಿನದಿಂದ ಮುಖ ಕೊಟ್ಟ್ ಮಾತಾಡ್ತಿಲ್ಲ ನೀವ್. ಹೇಳಿ."

ಕಾರ್ಡು ಓದಿದೆ. ಇನ್ನೊಮ್ಮೆ ಓದಿ ಎಂದರು. ಓದಿದೆ. ಆಮೇಲೆ ಕೇಳಿದರು: "ಮದಿ ಆಯಿ ಮಾರ್ನೆ ದಿನ ಬೆಳಿಗ್ಗೆ, 'ಇದ್ ನಿಂದ್' ಅಂತ್ ಹೇಳಿದ್ರ್ ಅವ್ರ್. ಅದ್ ಸುಳ್ಳಾ?"

ಮೊಲವನ್ನು ಯಾರಿಗೆಂದು ಕೊಂಡರು ಎಂಬುದನ್ನಷ್ಟೇ ಕಾರ್ಡು ಹೇಳುತ್ತದೆ, ಮುಂದೆ ಯಾರಿಗೆ ಕೊಟ್ಟರು ಎಂಬುದನ್ನಲ್ಲ ಎಂದೆ. ಆ ಒಂದು ಎಳೆ ಹಿಡಿದು ಅವರು ವಾದಿಸಬಹುದಿತ್ತು. ವಾದಿಸಲಿಲ್ಲ.

"ನಾವ್ ಮಾತಾಡಿದ್ದ್ ಅದಲ್ಲ ಅಲ್ದಾ? ಮದಿಯಿಂದ ಮುಂಚೆಯಾ, ಮೇಲಾ, ಅಷ್ಟೇ."

ಮಾರನೆಯ ದಿನ ಮೊಲವನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಬೈಂದೂರಿನ ಬಸ್ಸು ಹತ್ತಿದರು. ನಾನೂ ಜೊತೆಗೆ ಹೋದೆ. ಸೀರೆಯಿಂದ ಇಣುಕುತ್ತಿದ್ದ ಕಿವಿ ಕಂಡು ಕಂಡಕ್ಟರ್, "ಅಜ್ಜಿ, ಮೊಲಕ್ಕ್ ಅರ್ಧ ಟಿಕೇಟಾ?" ಎಂದ. "ನಿಂಗಿಂತ ವಯಸ್ಸಾಯ್ತ್ ಅದ್ಕೆ. ಸೀಟ್ ಬಿಟ್ಟ್ ಕೊಡ್ ಕಾಂಬ," ಎಂದರು ಅಕ್ಕ. ಬಸ್ಸು ನಕ್ಕಿತು, ಅವರು ನಗಲಿಲ್ಲ.

ಅತ್ತಿಗೆಯ ಜಗುಲಿಯಲ್ಲಿ ಮೊಲವನ್ನು ಇಳಿಸಿ, ಮನೆಮಂದಿಯೆಲ್ಲ ನೋಡುತ್ತಿರುವಂತೆ ಹೇಳಿದರು: "ನಿಮ್ಮ್ ಅಮ್ಮಂದೇ. ನಾನ್ ಹೇಳಿದ್ದ್ ತಪ್ಪ್." ಹತ್ತು ಜನರ ಮುಂದೆ ಈ ಮಾತನ್ನು ಹೇಳಿ, ಅದರ ಬೆನ್ನಿಗೆ 'ಆದರೆ' ಎಂದು ಸೇರಿಸದವರನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿರಲಿಲ್ಲ. ಹಿಂದಿರುಗುವಾಗ ಪೇಟೆಯಲ್ಲಿ ಇಳಿದು ಒಂದು ಸಾಧಾರಣ ಹೆರೆಮಣೆ ಕೊಂಡರು.

ನನ್ನದೊಂದು ಹಳೆಯ ಲೇಖನವಿತ್ತು. ಅದರಲ್ಲಿ ನಾನು ಒಂದು ಶಾಸನಕ್ಕೆ ಕೊಟ್ಟ ಕಾಲ ಸಂವತ್ಸರಗಳ ಒಂದು ಇಡೀ ಸುತ್ತು, ಅಂದರೆ ಅರವತ್ತು ವರ್ಷ, ತಪ್ಪೆಂದು ಕಿರಿಯ ಸಂಶೋಧಕಿಯೊಬ್ಬರು ತೋರಿಸಿಕೊಟ್ಟಿದ್ದರು. ಅವರ ಮಾತು ಸರಿಯೆಂದು ತಿಳಿದೂ ಒಂಬತ್ತು ವರ್ಷ ಉತ್ತರಿಸಿರಲಿಲ್ಲ. ಬೈಂದೂರಿನಿಂದ ಬಂದ ವಾರದಲ್ಲಿ ಅವರಿಗೆ ಕಾಗದ ಬರೆದೆ. ಪತ್ರಿಕೆಗೆ ತಿದ್ದುಪಡಿ ಕಳುಹಿಸಿದೆ.

ಅಕ್ಕ ಕಳೆದ ಶ್ರಾವಣದಲ್ಲಿ ತೀರಿಕೊಂಡರು. ತಿದ್ದುಪಡಿ ಅಚ್ಚಾದದ್ದು ಅದಕ್ಕೆ ತುಸು ಮೊದಲು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಓದಿ, ಹಿನ್ನೆಲೆಯನ್ನೂ ವಿವರಿಸಿದ್ದೆ. ಹೊಸ ಮಣೆಯ ಮೇಲೆ ಕಾಲು ನೀಡಿ ಕುಳಿತಿದ್ದವರು ಹೆರೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ಒಂಬತ್ತ್ ವರ್ಷವಾ?" ಎಂದರು. "ಬೈಂದೂರಿಗ್ ಹೋಯಿ ಬಪ್ಪುಕೆ ಎರಡ್ ಗಂಟಿ ಸಾಕ್ ಮಾರಾಯ್ರೆ."